ಬಾಗಿಲ ಹೊರಗೆ ನಿಂತು ವಿಚಾರಿಸಿದ ದೊಡ್ಡಮ್ಮ

ಕ್ಯಾನ್ಸರ್ ಗಡ್ಡೆಯೊಳಗೆ ಆಮ್ಲಜನಕ ಕಡಿಮೆಯಾದಾಗ ಸೋತು ಕೂರುವುದು ಗಡ್ಡೆಯಲ್ಲ, ಅದನ್ನು ಕೊಲ್ಲಲು ಬಂದ ನಮ್ಮ ದೇಹದ ರಕ್ಷಕ ಕೋಶಗಳೇ ಎಂಬುದನ್ನು ಇಂದು ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲ. ನಮ್ಮ ಸಂಸ್ಥೆಯಲ್ಲಿ ಈ ಮಾತಿಗೆ ಕಿವಿಗೊಡುವವರೇ ಇಲ್ಲದಿದ್ದ ಕಾಲದಲ್ಲಿ ಅದನ್ನು ಹಟ ಹಿಡಿದು ಬೆನ್ನಟ್ಟಿದವರು, ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಪೂಜ್ಯ ಗುರುಗಳು. ಬೆನ್ನ ಹಿಂದೆ ನಾವೆಲ್ಲ ಅವರನ್ನು ಕರೆಯುತ್ತಿದ್ದುದು ದೊಡ್ಡಮ್ಮ ಎಂದು. ಅದು ಅವರಿಗೂ ಗೊತ್ತಿತ್ತು.

ಹಳೆಯ ಉಗ್ರಾಣವೊಂದನ್ನು ತಾವೇ ನಿಂತು ತೊಳೆಸಿ ಪ್ರಯೋಗಾಲಯ ಮಾಡಿಕೊಂಡ ಅವರು ಗಾಜಿನ ತಟ್ಟೆಗಳಲ್ಲಿ ಬೆಳೆಯುವ ಜೀವಕೋಶಗಳನ್ನು ಮಕ್ಕಳು ಎಂದೇ ಕರೆಯುತ್ತಿದ್ದರು. ನಾನು ಅವರ ಬಳಿ ಸೇರಿದ ವರ್ಷ ನನ್ನ ತಂದೆಯವರು ಆಸ್ಪತ್ರೆ ಸೇರಿದಾಗ, ರಜೆಯ ದಿನಗಳಲ್ಲೂ ಬಂದು ನನ್ನ ಕೋಶಗಳಿಗೆ ಪೋಷಕದ್ರವ ಬದಲಾಯಿಸಿ ಫೋನ್ ಮಾಡಿದ್ದರು. "ಮಕ್ಕಳಿಗೆ ಊಟ ಹಾಕಿದೀನಿ. ನಿಂದು ಊಟ ಆಯ್ತಾ?" ಎಂದು ಕೇಳಿದ್ದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ನಾನು ಅತ್ತದ್ದು ಆಗಲೇ.

ನನಗೆ ಅವರು ಕೊಟ್ಟ ಕೆಲಸ ಕೇಳಲು ಸುಲಭವಾಗಿತ್ತು. ಆಮ್ಲಜನಕ ಕಡಿಮೆ ಇರುವ ಉಕ್ಕಿನ ಕಪಾಟಿನಲ್ಲಿ ಕ್ಯಾನ್ಸರ್ ಕೋಶಗಳನ್ನೂ ರಕ್ಷಕ ಕೋಶಗಳನ್ನೂ ಒಂದೇ ತಟ್ಟೆಯಲ್ಲಿಟ್ಟರೆ, ಕ್ಯಾನ್ಸರ್ ಕೋಶಗಳು ತಮ್ಮ ಮೈಮೇಲೆ 'ಹೊಡೆಯಬೇಡ' ಎಂದು ಸೂಚಿಸುವ ಪ್ರೋಟೀನನ್ನು ಹೆಚ್ಚಿಸಿಕೊಂಡು, ಸುತ್ತಲೂ ಆಮ್ಲ ಉಗುಳಿ, ರಕ್ಷಕರನ್ನು ಸುಸ್ತುಮಾಡುತ್ತವೆ ಎಂದು ತೋರಿಸಬೇಕಿತ್ತು. ಆದರೆ ಒಂದು ವಾರ ರಕ್ಷಕರು ಕೈಚೆಲ್ಲಿ ಕೂರುತ್ತಿದ್ದರು, ಮರುವಾರ ಹುರುಪಿನಿಂದ ಎದ್ದು ಎದುರಾಳಿಗಳನ್ನು ಮುಗಿಸುತ್ತಿದ್ದರು. ಮೂರು ವರ್ಷ ಹೀಗೇ ನಡೆದು, ನನ್ನ ಕೈಯೇ ಸರಿಯಿಲ್ಲವೆಂಬ ಮಾತು ಹಬ್ಬಿತು. ಪರಿಶೀಲನಾ ಸಮಿತಿ ಮುಂದಿನ ಸಭೆಯಲ್ಲಿ ಈ ಸಂಶೋಧನೆಯನ್ನೇ ಕೈಬಿಡಿಸುವುದೆಂದು ಖಚಿತವಾಗಿತ್ತು. ನಾನು ಗಂಟುಮೂಟೆ ಕಟ್ಟಲು ಮನಸ್ಸಿನಲ್ಲೇ ಸಿದ್ಧಳಾಗಿದ್ದೆ.

ಆಗ ಗುರುಗಳು ಮಗಳ ಹೆರಿಗೆಗೆಂದು ರಜೆ ಹಾಕಿದರು. ಅವರಿಲ್ಲದಷ್ಟು ದಿನವೂ ಪ್ರತಿ ತಟ್ಟೆಯಲ್ಲಿ ನಾವು ಊಹಿಸಿದ್ದೇ ನಡೆಯಿತು. ಅವರು ಮೊಮ್ಮಗಳನ್ನು ನೋಡಿಕೊಂಡು ಹಿಂದಿರುಗಿದ ವಾರವೇ ರಕ್ಷಕರು ಮತ್ತೆ ಎದ್ದು ನಿಂತರು. ಚಹಾದ ಹೊತ್ತಿನಲ್ಲಿ ನನ್ನ ಪಕ್ಕದ ಮೇಜಿನ ಗೆಳತಿ, ದೊಡ್ಡಮ್ಮನ ಮುಖ ಕಂಡರೆ ರಕ್ಷಕ ಕೋಶಗಳಿಗೂ ಧೈರ್ಯ ಬರುತ್ತದೆಂದು ತಮಾಷೆ ಮಾಡಿದಳು. ಎಲ್ಲರೂ ನಕ್ಕೆವು. ಗುರುಗಳು ಮಾತ್ರ ಲೋಟ ಕೆಳಗಿಟ್ಟು ಎದ್ದು ಹೋದರು.

ಸಭೆಗಳಿಗೆಂದು ಆಗಾಗ ಪರವೂರಿಗೆ ಹೋಗುತ್ತಿದ್ದರೂ, ಊರಲ್ಲಿರುವಷ್ಟು ದಿನ ಪ್ರತಿ ಬೆಳಗ್ಗೆ ಕಪಾಟಿನ ಬಾಗಿಲು ತೆರೆದು ಮಕ್ಕಳ ಯೋಗಕ್ಷೇಮ ನೋಡುವುದು ಅವರ ರೂಢಿ. ನಾವೆಲ್ಲ ಅದನ್ನು ಕಂಡವರೇ. ಮನೆಯ ಹಿರಿಯರು ಮಕ್ಕಳ ಕೋಣೆಗೆ ಇಣುಕಿದರೆ ಯಾರು ತಡೆಯುತ್ತಾರೆ? ಅಂದು ಅವರು ಒಳಗೆ ಆಮ್ಲಜನಕದ ಮಾಪಕವಿಟ್ಟು ಎಂದಿನಂತೆ ಬಾಗಿಲು ತೆರೆದರು. ಮುಳ್ಳು ಸರ್ರನೆ ಮೇಲೇರಿತು, ಇಳಿಯಲು ಗಂಟೆಗಟ್ಟಲೆ ಹಿಡಿಯಿತು.

ಸಮಿತಿಯ ಮುಂದೆ ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ನಿಂತರು. "ಈ ಹುಡುಗಿ ಕೈ ಚೆನ್ನಾಗೇ ಇದೆ. ದಿನಾ ಬಾಗಿಲು ತೆಗೆದು ಗಾಳಿ ಬಿಟ್ಟೋಳು ನಾನು. ಉಸಿರು ಸಿಕ್ಕಿದ ದಿನ ರಕ್ಷಕರು ಗೆದ್ದಿದಾರೆ, ಸಿಗದ ದಿನ ಸೋತಿದಾರೆ. ಇವಳು ಹೇಳ್ತಿರೋದೂ ಅದನ್ನೇ ಅಲ್ವಾ?" ಎಂದರು. ವಿಭಾಗದ ಮುಖ್ಯಸ್ಥರೊಬ್ಬರು ತಮ್ಮ ತಪ್ಪನ್ನು ಅಷ್ಟು ನಿರಾಳವಾಗಿ ಒಪ್ಪಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನ್ನ ಸಂಶೋಧನೆ ಉಳಿಯಿತು. ನಾನು ಇಂದು ಪಾಠ ಹೇಳುತ್ತಿರುವುದು ಆ ಸಭೆಯ ಪುಣ್ಯದಿಂದ.

ಅಂದಿನಿಂದ ಅವರು ಕಪಾಟಿದ್ದ ಆ ಕೋಣೆಗೆ ಕಾಲಿಟ್ಟಿಲ್ಲ. ಹೊಸ್ತಿಲಲ್ಲೇ ನಿಂತು, ಮಕ್ಕಳು ಹೇಗಿದ್ದಾರೆಂದು ಕೇಳಿ ಹೋಗುತ್ತಿದ್ದರು. ನೋಡುವ ಆಸೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಗುರುಗಳಿಗೆ ದೀರ್ಘಾಯುಷ್ಯವನ್ನೂ ಎಂದೂ ತೀರದ ಕುತೂಹಲವನ್ನೂ ಹಾರೈಸುತ್ತಾ ಒಂದು ವಿಷಯ ಅರಿಕೆ ಮಾಡಿಕೊಳ್ಳುತ್ತೇನೆ. ಹಳೆಯ ಶಿಷ್ಯರೆಲ್ಲ ಸೇರಿ ಹೊಸ ಕಪಾಟು ತರಿಸಿದ್ದೇವೆ. ಅದರೊಳಗೇ ಸೂಕ್ಷ್ಮದರ್ಶಕವಿದೆ, ಮುಂಭಾಗ ಪೂರ್ತಿ ಗಾಜು. ಎದುರಿಗೆ ನಿಮ್ಮ ಹಳೆಯ ಕುರ್ಚಿ ಹಾಕಿಸಿದ್ದೇನೆ. ನಾಳೆಯಿಂದ ದಿನಾ ಬನ್ನಿ ದೊಡ್ಡಮ್ಮ, ಎಷ್ಟು ಹೊತ್ತು ಬೇಕಾದರೂ ಇಣುಕಿ ನೋಡಿ.