ದೇವರ ಗೋಡೆಯ ಆಚೆಗಿನ ಇಂಟರ್ನೆಟ್ಟು

ಫೈಬರ್ ಇಂಟರ್ನೆಟ್ಟು ಬಂದದ್ದು ಶ್ರಾವಣಕ್ಕೆ ಮೊದಲೋ ಆಮೇಲೋ, ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಹೆಂಡತಿಗೆ ಬಾಗಿಲು ಹಾಕಿಕೊಂಡು ಕೆಲಸ ಮಾಡಲು ಒಂದು ಕೋಣೆ ಬೇಕಿತ್ತು. ಖಚಿತ ಅಂದರೆ ಇದೊಂದೇ.

ಅವಳು ಮದುವೆ ವಿಡಿಯೊ ಎಡಿಟ್ ಮಾಡುತ್ತಾಳೆ. ಸುತ್ತಲಿನ ಊರುಗಳ ಸ್ಟುಡಿಯೊದವರು ದೊಡ್ಡ ದೊಡ್ಡ ಫೈಲು ಕಳಿಸುತ್ತಾರೆ. ಇವಳು ಕತ್ತರಿಸಿ, ಜೋಡಿಸಿ, ವಾಪಸ್ ಕಳಿಸಬೇಕು. ಅದಕ್ಕೆಂದೇ ನಾಗಮಂಗಲದ ನಮ್ಮ ಹಳೇ ಮನೆಗೆ ಒಂದು ಗಿಗಾಬಿಟ್ ವೇಗದ ಕನೆಕ್ಷನ್ ಹಾಕಿಸಿದೆವು. ತಂತಿ ಹಜಾರಕ್ಕೆ ಬಂದು ನಿಂತಿತು. ಅವಳ ಕೋಣೆ ಹಿಂದೆ. ನಡುವೆ ದೇವರಮನೆ, ಅದರ ಎರಡೂ ಬದಿ ಮೊಳದಗಲದ ಮಣ್ಣಿನ ಗೋಡೆ.

ತೂತು ಕೊರೆದು ಕೇಬಲ್ ಎಳೆಯೋಣವೆಂದೆ.

"ದೇವ್ರ್ ಗೋಡೆಗೆ ಡ್ರಿಲ್ ಇಡ್ತೀಯೇನ್ಲಾ? ನಿಮ್ಮಪ್ಪ ಒಂದು ಮೊಳೆ ಒಡಿಯಕ್ಕೂ ಎದರೋರು," ಅಂದಳು ಅವ್ವ.

ಅಪ್ಪ ನಿಜಕ್ಕೂ ಹೆದರುತ್ತಿದ್ದರೇ? ಆ ಗೋಡೆಯಲ್ಲಿ ಮೊಳೆಗಳಿವೆ, ಕ್ಯಾಲೆಂಡರ್ ತೂಗುತ್ತದೆ. ಡ್ರಿಲ್ ಬದಿಗಿಟ್ಟು, ಗೋಡೆ ದಾಟಿ ಸಿಗ್ನಲ್ ಕಳಿಸಬಲ್ಲ ವೈಫೈ ರೌಟರ್ ಹುಡುಕಿಕೊಂಡು ಹೊರಟೆ.

ಮೊದಲು ತಂದದ್ದಕ್ಕೆ ಸುತ್ತಲೂ ಆಂಟೆನಾ. ಹಜಾರದಲ್ಲಿ ಇಂಟರ್ನೆಟ್ಟು ಹಾರಿತು, ಅವಳ ಕೋಣೆಯಲ್ಲಿ ಕುಂಟಿತು. ಬದಲಾಯಿಸಲು ಹೋದಾಗ ಅಂಗಡಿಯ ಗೆಳೆಯ ನಕ್ಕ: "ಕೊಂಬು ನೋಡ್ಕಂಡು ತಗೊಂಡೋಗಕ್ಕೆ ಇದೇನ್ ಟಗರೇನ್ಲಾ?"

ಆಮೇಲೆ ಮೆಶ್ ತಂದೆ. ತಂತಿಯಿಲ್ಲದೆ ಒಂದರಿಂದೊಂದಕ್ಕೆ ಸಿಗ್ನಲ್ ದಾಟಿಸುವ ಜೋಡಿ ಪೆಟ್ಟಿಗೆ. ಒಂದನ್ನು ಹಜಾರದಲ್ಲಿ, ಇನ್ನೊಂದನ್ನು ದೇವರಮನೆಯ ಹಿತ್ತಾಳೆ ಪಾತ್ರೆಗಳ ನಡುವೆ ಇಟ್ಟೆ. ಅವ್ವ ಅದಕ್ಕೂ ಕುಂಕುಮ ಇಟ್ಟಳು. ಫೈಲು ಮಾತ್ರ ಅರ್ಧ ಹೋಗಿ ನಿಲ್ಲುತ್ತಿತ್ತು. ಬೇಸತ್ತ ಹೆಂಡತಿ ಕಂಪ್ಯೂಟರನ್ನೇ ಹಜಾರಕ್ಕೆ ತಂದಳು.

ಹಜಾರವೆಂದರೆ ಊರು. ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ ಪರದೆಯ ಮುಂದೆ ನಿಂತುಬಿಟ್ಟಳು. ಅಲ್ಲಿ ಮುಹೂರ್ತಕ್ಕೆ ಮುಂಚೆ ಮೂಲೆಯಲ್ಲಿ ಕೂತು ಅಳುತ್ತಿದ್ದ ಮದುವೆ ಹುಡುಗಿ.

"ಅಯ್ಯೋ, ಇವ್ಳು ಬೂಕನಕೆರೆ ಎಣ್ಣಲ್ವಾ? ಯಾಕಮ್ಮಿ ಅಳ್ತಾವ್ಳೆ? ಒಪ್ಗೆ ಇರ್ನಿಲ್ವಾ?"

ಹೆಂಡತಿ ಪರದೆಗೆ ಅಂಗೈ ಅಡ್ಡ ಹಿಡಿದಳು. ಅಂಗೈ ಎಷ್ಟನ್ನು ಮುಚ್ಚೀತು? ಆ ಮಾತು ಕೆ.ಆರ್. ಪೇಟೆ ಬಸ್ಸು ಹತ್ತಿ ಹುಡುಗಿಯ ಊರು ಮುಟ್ಟಿದರೆ ಮುಗಿಯಿತು, ಯಾವ ಸ್ಟುಡಿಯೊದವರೂ ಇವಳಿಗೆ ಮತ್ತೆ ಕೆಲಸ ಕೊಡುವುದಿಲ್ಲ.

"ಎಪ್ಪು ಈಸ್ಕಂಡ್ಯಲ್ಲ, ಓಗವ್ವ. ಆಲು ಆರೋಯ್ತದೆ," ಎಂದು ಅವ್ವ ಅವಳನ್ನು ಹೊಸಿಲು ದಾಟಿಸಿದಳು. ಆಮೇಲೆ ದೇವರಮನೆಗೆ ಹೋಗಿ ಪಟಗಳನ್ನು ಇಳಿಸತೊಡಗಿದಳು.

"ಸುಣ್ಣ ಬಳಿಯೋವಾಗ ದೇವ್ರ್ನ ಈಚೆಗೆ ತರಾಕಿಲ್ವಾ? ಅಂಗೇ ಅನ್ಕೋ. ನಿಂತ್ಕಂಡ್ ಏನ್ಲಾ ನೋಡ್ತೀಯೆ, ಮಣೆ ಆಕು."

ಇದು ಅದೇ ಸಂಜೆಯೆಂದು ನಾನು, ಒಂದು ವಾರದ ನಂತರವೆಂದು ಹೆಂಡತಿ. ನಾನೂ ಎರಡು ದಿನಗಳನ್ನು ಜೋಡಿಸಿಬಿಟ್ಟಿರಬಹುದು. ಪಟಗಳು ಹಜಾರದ ಮಣೆಯ ಮೇಲೆ ಕೂತವು, ಅವ್ವ ಅಲ್ಲೇ ದೀಪ ಹಚ್ಚಿದಳು. ಡ್ರಿಲ್ಲಿಗೆ ಗೋಡೆಗಳಿಂದ ಕೆಂಪು ಮಣ್ಣು ಸುರಿಯಿತು. ಕನೆಕ್ಷನ್ ಜೊತೆ ಬಂದಿದ್ದ ಸಾದಾ ಪೆಟ್ಟಿಗೆಗೇ ಕೇಬಲ್ ಸಿಕ್ಕಿಸಿದೆವು. ಅಷ್ಟೇ ಸಾಕಾಯಿತು.

ಹೆಂಡತಿ ಕಂಪ್ಯೂಟರನ್ನು ಒಳಗೊಯ್ದು ಅಗುಳಿ ಹಾಕಿಕೊಂಡಳು. ಆ ಹುಡುಗಿ ಯಾಕೆ ಅತ್ತಳೆಂದು, ಆ ಅಳುವನ್ನು ವಿಡಿಯೊದಲ್ಲಿ ಉಳಿಸಿದಳೋ ಕತ್ತರಿಸಿದಳೋ ಎಂದು ಕೇಳಬೇಕೆನಿಸಿ ಬಾಗಿಲು ತಟ್ಟಿದೆ.

"ಏನು?"

"ಸ್ಪೀಡ್ ಬತ್ತಾ ಅದಾ?"

"ಬತ್ತಾ ಅದೆ," ಅಂದಳು. ಬಾಗಿಲು ತೆರೆಯಲಿಲ್ಲ.