ಆದಿಲಕ್ಷ್ಮಿಯ ಹೋರಿಗೆ ಬಂದ ರೋಗ

ಬೇರಿಕೆ ಊರಿನ ಸುತ್ತಮುತ್ತ ಹೋರಿ ಸಾಕುತ್ತಿದ್ದ ಹೆಂಗಸು ಆದಿಲಕ್ಷ್ಮಿ ಒಬ್ಬಳೇ. ಗಂಡ ಸತ್ತ ಮೇಲೆ, ಜನ ನಕ್ಕರೂ ಆ ಕಸುಬು ಬಿಡಲಿಲ್ಲ. ಬೆದೆಗೆ ಬಂದ ಹಸುವನ್ನು ಹೊಡೆದುಕೊಂಡು ಬಂದ ಗಂಡಸರು ನಾಚಿ ಮುಖ ತಿರುಗಿಸಿದರೆ, ಮೂಗುದಾರ ಹಿಡಿದು ಹೋರಿ ಬಿಡುತ್ತಿದ್ದವಳು ಅವಳೇ.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಹೋರಿ ಉಚ್ಚೆ ಹುಯ್ಯುವ ಜಾಗದಲ್ಲಿ ಕೀವುಗುಳ್ಳೆಗಳೆದ್ದವು. ನೊಣ ಮುತ್ತಿದವು. ಬೇವಿನ ನೀರಿನಲ್ಲಿ ದಿನವೂ ತೊಳೆದಳು. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಕೈಯ ನಾತ ಹೋಗದೆ, ಮುದ್ದೆ ಮುರಿಯಲೂ ಹೇಸುತ್ತಿದ್ದಳು. ಕೊನೆಗೆ ಗುಳ್ಳೆ ಒಣಗಿದವು, ಹೋರಿ ಮೊದಲಿನಂತೆ ಮಿರಮಿರ ಮಿಂಚಿತು. ಮತ್ತೆ ಹಸುಗಳು ಬಂದವು.

ಮಳೆಗಾಲದಲ್ಲಿ ಪಕ್ಕದ ಮನೆಯ ಪಿಳ್ಳಮ್ಮ ಕರೆದಳು. ಮೂರು ದಿನದ ಹಿಂದೆ ಇದೇ ಹೋರಿ ಬಿಡಿಸಿದ್ದ ಅವಳ ಹಸು ಬಾಲ ಎತ್ತಿಕೊಂಡೇ ನಿಂತಿತ್ತು. ಹಿಂಭಾಗ ಊದಿ, ಕೀವು ತೊಡೆಗಿಳಿದು ಅಂಟಿತ್ತು. ಪಶುವೈದ್ಯೆ ಚಂದ್ರಲೇಖಾ ಹಸುವನ್ನು ನೋಡಿ, ಹೋರಿಯ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಹಸುವಿಗೆ ರೋಗ ಬಂದದ್ದು ಹೋರಿಯಿಂದಲೇ ಎಂದು ತಿಳಿಯಿತು.

"ಗಾಯ ಮಾಯ್ದು ಎಷ್ಟೋ ದಿನ ಆಯ್ತಲ್ಲ ಮೇಡಂ, ಹೆಂಗೆ ಬಂತು?" ಎಂದಳು ಆದಿಲಕ್ಷ್ಮಿ.

"ಗಾಯ ಮಾಯ್ತು, ವೈರಸ್ ಸಾಯ್ಲಿಲ್ಲಮ್ಮ. ನರದ ಗಂಟೊಳಗೆ ಹೋಗಿ ಸುಮ್ನೆ ಮಲಗ್ಬುಡ್ತದೆ. ರೋಗದ ಜೊತೆ ಹೊಡೆದಾಡೋ ರಕ್ತಕ್ಕೆ ಅದು ಅಲ್ಲಿರೋದೇ ಗೊತ್ತಾಗಲ್ಲ. ಹೋರಿ ದಣಿದಾಗ, ಸೊರಗಿದಾಗ ಎದ್ದು ಬತ್ತದೆ. ಆಗ ಗುಳ್ಳೆ ಕಾಣದಿದ್ರೂ ಹಸುಗೆ ಅಂಟ್ತದೆ."

"ಎಷ್ಟು ದಿನ ಇರ್ತದೆ?"

"ಹೋರಿ ಬದುಕಿರೋ ತನಕ."

ದಿನ ಬೆಳಗಾದರೆ ಅದರ ಕತ್ತಿಗೆ ಕೆನ್ನೆ ಒತ್ತುತ್ತಿದ್ದ ಆದಿಲಕ್ಷ್ಮಿ ಸೆರಗಿನಿಂದ ಕೆನ್ನೆ ಉಜ್ಜಿಕೊಂಡಳು.

ಮರುದಿನ ಮೈದುನ ಅಶ್ವತ್ಥಪ್ಪ ಹೋರಿಯ ಕೊಂಬಿಗೆ ಎಣ್ಣೆ ಸವರುತ್ತಿದ್ದ. "ತಳಿಗೆ ಹೋರಿ ಕೊಳ್ಳೋನೊಬ್ಬ ಬತ್ತಾವ್ನೆ ಅತ್ತಿಗೆ, ಕೊಟ್ಬುಡಾನ. ನೋಡೋಕೆ ಚೆನ್ನಾಗೈತೆ, ಯಾರಿಗೆ ಗೊತ್ತಾಯ್ತದೆ?"

"ಆ ಕೀವು ತೊಳ್ದೋಳು ನಾನು. ಇನ್ನೊಬ್ಳ ಕೈಲೂ ತೊಳೆಸ್ತೀಯೇನ್ಲಾ?"

ಅವನು ನಕ್ಕ. ಕೀವಿಗಿಂತ ಆ ನಗುವೇ ಅವಳಿಗೆ ಅಸಹ್ಯವಾಯಿತು.

ಕೊಳ್ಳುವವನು ಜೀಪಿನಿಂದಿಳಿದಾಗ ಅವಳು ಹೋರಿ ತೋರಿಸದೆ ಪಿಳ್ಳಮ್ಮನ ಕೊಟ್ಟಿಗೆಗೆ ಕರೆದೊಯ್ದು, ಹಸುವಿನ ಬಾಲ ಎತ್ತಿ ಹಿಡಿದಳು. "ಇದು ನಮ್ಮ ಹೋರಿ ಕೊಟ್ಟಿದ್ದು." ಅವನು ಟವಲಿನಿಂದ ಮೂಗು ಮುಚ್ಚಿಕೊಂಡು ಜೀಪು ಹತ್ತಿದ.

ಆ ವಾರವೇ ಹೋರಿಯ ಬೀಜ ಒಡೆಸಿ, ಹಸುಗಳಿಂದ ದೂರ, ಹೊಲದ ಗುಡಿಸಲಿನಲ್ಲಿ ಕಟ್ಟಿದಳು. ಅದು ಗೊಬ್ಬರದ ಗಾಡಿ ಎಳೆಯಿತು. ಮೇವು ಹಾಕುವಾಗಲೂ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ಮೈದುನನ ಮನೆಯಲ್ಲಿ ಮಾತ್ರ ನೀರನ್ನೂ ಕುಡಿಯಲಿಲ್ಲ.

"ಹೋರಿಗೇನು ಗೊತ್ತಿತ್ತು, ಪಾಪ. ಇವ್ನಿಗೆ ಗೊತ್ತಿತ್ತಲ್ಲ" ಎಂದಳು ಪಿಳ್ಳಮ್ಮನ ಹತ್ತಿರ.

ಪಿಳ್ಳಮ್ಮನ ಹಸುವಿಗೆ ಹೋರಿಯಿಲ್ಲದೆ, ದನದ ಆಸ್ಪತ್ರೆಯ ವೀರ್ಯದ ಇಂಜೆಕ್ಷನ್ನಿನಿಂದ ಗಬ್ಬ ನಿಂತದ್ದು ಮರುವರ್ಷ.