ಕುರಿ ಕಾಯಲು ಕಲಿತ ಅಕ್ಕೋರು

ಸೀರೆಯ ನೆರಿಗೆಯ ಕೆಳಗೆ ಗಂಡಸರ ಬಿಳಿ ಬೂಟು. ಎಡಗಾಲಿನ ಬೂಟಿನ ತುದಿಯಲ್ಲಿ ಒಂದು ತೂತು, ಅದರೊಳಗಿಂದ ಇಣುಕುವ ಹೆಬ್ಬೆರಳು. ಹುಮನಾಬಾದಿನ ಹೆಣ್ಣುಮಕ್ಕಳ ವಸತಿನಿಲಯದ ಅಂಗಳದಲ್ಲಿ ನಾನು ಅಕ್ಕೋರನ್ನು ಮೊದಲು ನೋಡಿದಾಗ, ಆ ಬೂಟು ಹಾಕಿಕೊಂಡು ನಲವತ್ತು ಹುಡುಗಿಯರ ಮುಂದೆ ಕಪ್ಪೆಯಂತೆ ಕುಪ್ಪಳಿಸುತ್ತಿದ್ದರು. ಆಗಲೇ ಅವರಿಗೆ ಐವತ್ತು ದಾಟಿತ್ತು.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತಾರೆ. ಇವರು ಮಿಷನರಿ. ನಿಲಯವನ್ನು ನೋಡಿಕೊಳ್ಳುತ್ತ, ಪ್ರತಿ ಬೇಸಿಗೆ ಬಸವಕಲ್ಯಾಣದಲ್ಲಿ ಮಕ್ಕಳ ಶಿಬಿರ ನಡೆಸುತ್ತಿದ್ದರು. ನಾನು ಘಾಟಬೋರಾಳದ ಕುರಿಗಾರನ ಮಗಳು. ಆ ನಿಲಯದಲ್ಲಿದ್ದು ಓದಿದೆ. ಓದು ಮುಗಿದ ಮೇಲೂ ಅಲ್ಲಿಯ ಅಡುಗೆ, ಆಟದ ಸಾಮಾನು ನೋಡಿಕೊಂಡು ಅವರ ಹತ್ತಿರವೇ ಉಳಿದೆ.

ಅಕ್ಕೋರು ಕುಳಿತು ಚಹಾ ಕುಡಿದದ್ದನ್ನು ನಾನು ಕಂಡಿಲ್ಲ. ಕಪ್ಪು ಕೈಯಲ್ಲಿ, ಕಾಲು ಬಾಗಿಲಲ್ಲಿ. "ಜಲ್ದಿ ನಡಿ, ಮಕ್ಕಳು ಕಾಯಾಕತ್ತಾರ" ಎನ್ನುವುದು ಅವರ ಮಾತು. ಮಕ್ಕಳು ಇನ್ನೂ ಮಲಗಿರುವಾಗಲೂ ಅದನ್ನೇ ಹೇಳುತ್ತಿದ್ದರು.

ಅಪ್ಪನಿಗೂ ಅವರಿಗೂ ಒಂದು ಹಳೆಯ ಜಗಳವಿತ್ತು. ಶಿಬಿರದಲ್ಲಿ ಅವರು ತಪ್ಪದೆ ಹೇಳುತ್ತಿದ್ದದ್ದು ಕಳೆದುಹೋದ ಕುರಿಯ ಕಥೆ. ನೂರರಲ್ಲಿ ಒಂದು ಕುರಿ ತಪ್ಪಿಸಿಕೊಳ್ಳುತ್ತದೆ, ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಅದೊಂದನ್ನು ಹುಡುಕಿ ಹೋಗುತ್ತಾನೆ. ನನ್ನನ್ನು ನೋಡಲು ಬಂದಿದ್ದ ಅಪ್ಪ ಹಿಂದೆ ನಿಂತು ಕೇಳಿಸಿಕೊಂಡವನು, ಕಥೆ ಮುಗಿಯುತ್ತಲೇ ಕೈ ಎತ್ತಿದ.

"ಅಕ್ಕೋರ, ಉಳಿದ ತೊಂಬತ್ತೊಂಬತ್ತನ್ನ ಯಾರ ಕೈಯಾಗ ಕೊಟ್ಟು ಹೋದನ್ರಿ ಅವ?"

ಮಕ್ಕಳೆಲ್ಲ ಹೋ ಎಂದು ನಕ್ಕರು. ಅಕ್ಕೋರು ಅವರಿಗಿಂತ ಜೋರಾಗಿ ನಕ್ಕು, "ಅದನ್ನ ಬೈಬಲ್ಲಿನ್ಯಾಗ ಬರದಿಲ್ಲಪಾ, ನೀನೇ ಹೇಳು" ಎಂದರು. ಅಪ್ಪ ಕುರುಬರ ದೇವರು ಬೀರಪ್ಪನ ಭಕ್ತ. ಆಕೆ ಯೇಸುವಿನ ಮಾತು ಹೇಳುವವರು. ಇಬ್ಬರಿಗೂ ಕುರಿಯ ವಿಷಯ ಸಿಕ್ಕರೆ ಸಾಕು, ಊಟ ಮರೆಯುತ್ತಿದ್ದರು.

ಅದೇ ದಿನ ಮಕ್ಕಳನ್ನು ಕೋಟೆ ನೋಡಲು ಕರೆದೊಯ್ಯುವಾಗ ಅಕ್ಕೋರು ಬೆರಳು ತೋರಿಸಿ ಒಂದು, ಎರಡು ಎಂದು ಎಣಿಸಿದರು. ಅಪ್ಪ ಅವರ ಕೈಯನ್ನೇ ತಡೆದ.

"ಎಣಿಸಬ್ಯಾಡ್ರಿ. ಎಣಿಸಿದ್ದು ಕಡಿಮಿ ಆಗ್ತದ. ನಾವು ಎಣಿಸಂಗಿಲ್ಲ."

"ಮತ್ತ ಒಂದು ಇಲ್ಲ ಅನ್ನೂದು ಹ್ಯಾಂಗ ಗೊತ್ತಾಗ್ತದ?"

"ಒಂದೊಂದರ ಮಾರಿ, ಮೂಗು, ಕಿವಿ ನೋಡ್ತೀವ್ರಿ. ಇಲ್ಲದ್ದು ಕಣ್ಣಿಗೆ ಚುಚ್ಚತದ."

ಅಕ್ಕೋರು ಅದನ್ನು ಅಲ್ಲಿಗೆ ಬಿಡಲಿಲ್ಲ. ಶಿಬಿರ ಮುಗಿದ ಮೇಲೆ ಎಂಟು ದಿನ ಬೆಳಗಿನ ಬಸ್ಸಿಗೆ ಘಾಟಬೋರಾಳಕ್ಕೆ ಬಂದು ನಮ್ಮ ಕುರಿ ಹಟ್ಟಿಯ ಮುಂದೆ ನಿಂತರು. ಅಪ್ಪ ಅವರನ್ನು ಬೆನ್ನು ತಿರುಗಿಸಿ ನಿಲ್ಲಿಸಿ ಒಂದು ಕುರಿಯನ್ನು ಗೋಡೆಯ ಹಿಂದೆ ಅಡಗಿಸುತ್ತಿದ್ದ. "ಈಗ ನೋಡ್ರಿ, ಯಾವುದಿಲ್ಲ?" ಐದು ದಿನ ಅಕ್ಕೋರು ತಪ್ಪು ಹೇಳಿದರು. ಎದುರಿಗೇ ಮೇವು ತಿನ್ನುತ್ತಿದ್ದ ಕುರಿಯನ್ನು ಕಳೆದುಹೋಗಿದೆ ಎಂದರು. ನನ್ನ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆರನೆಯ ದಿನ ಹಟ್ಟಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿ, "ಆ ಕಿವಿ ಹರಿದಾಕಿ ಎಲ್ಲಿ?" ಎಂದರು. ಅಪ್ಪ ರುಮಾಲು ತೆಗೆದು ಅವರಿಗೆ ಮುಜರೆ ಮಾಡಿದ.

ಎರಡು ವರ್ಷದ ಮೇಲೆ ಬೇಸಿಗೆಯಲ್ಲಿ ಅವರಿಗೆ ಉಗಾಂಡಾದ ಮಿಷನ್ನಿನಿಂದ ಶಿಬಿರ ನಡೆಸಲು ಕರೆ ಬಂತು. ಒಂದೂವರೆ ತಿಂಗಳು, ಮೂರು ಶಿಬಿರ. ಎರಡು ಮಕ್ಕಳಿಗೆ, ಒಂದು ಹರೆಯದವರಿಗೆ. ನಾನೂ ಬರಬೇಕೆಂದು ಅವರು ಹಟ ಹಿಡಿದರು. ನಾಲ್ಕು ಜನರೆದುರು ನಿಂತರೆ ನನ್ನ ಗಂಟಲು ಕಟ್ಟುತ್ತದೆ. ಊರಲ್ಲಿ ತಾಯಿಗೆ ಕೈಯಾಸರೆ ಬೇಕು ಎಂದು ನೆಪ ಹೇಳಿ ಉಳಿದೆ. "ಮುಂದಿನ ಸಲ ನಿನ್ನ ಬಿಡಂಗಿಲ್ಲ ನೋಡು" ಎಂದು ಬೆನ್ನಿಗೆ ಗುದ್ದಿ ಹೊರಟರು.

ಆ ಒಂದೂವರೆ ತಿಂಗಳು ಅವರ ಮಧ್ಯಾಹ್ನದ ಫೋನಿಗೆ ನಮ್ಮ ಮನೆಯವರೆಲ್ಲ ಕಾಯುತ್ತಿದ್ದೆವು. ಆಗ ರಜೆಗೆಂದು ನಾನು ಊರಿಗೆ ಬಂದಿದ್ದೆ. ಸ್ಪೀಕರಿಗೆ ಹಾಕಿ ಬೇವಿನ ಬುಡದಲ್ಲಿ ಇಟ್ಟರೆ ಅಪ್ಪ ಕುರಿ ಮರೆತು ಕೂರುತ್ತಿದ್ದ. ಹಲೋ ಇಲ್ಲ, ಏನಿಲ್ಲ, ನೇರ ಸುದ್ದಿಯೇ. "ಇಲ್ಲಿ ಮಣ್ಣು ನಮ್ಮ ಬಸವಕಲ್ಯಾಣದ್ದೇ, ಕೆಂಪು! ಬೂಟು ಬಿಳೀದು ಇತ್ತು ಅಂದ್ರ ಯಾರೂ ನಂಬಂಗಿಲ್ಲ." ಇನ್ನೊಂದು ದಿನ, "ಇಲ್ಲಿ ಜೋಳ ಅದ! ಗಂಜಿ ಮಾಡ್ಕೊಂಡು ಕುಡೀತಾರ. ನಾ ರೊಟ್ಟಿ ಬಡದೆ. ಮೂವತ್ತು ಮಕ್ಕಳು ಬಡಿಯಾಕ ಬಂದ್ವು. ಒಂದು ರೊಟ್ಟೀನೂ ದುಂಡಗಿಲ್ಲ, ಒಂದೂ ಉಳಿದಿಲ್ಲ!" ಬೆಳಗ್ಗೆ ವ್ಯಾಯಾಮ, ಆಮೇಲೆ ಹಾಡು, ನಾಟಕ, ಮಳೆ ಬಂದರೆ ಡೇರೆಯ ಗೂಟ ಹಿಡಿದು ನಿಲ್ಲುವುದು. ಗಂಟಲು ಒಡೆದು ಹೋಗಿತ್ತು, ಖುಷಿ ಮಾತ್ರ ಫೋನಿನಿಂದ ಹೊರಗೆ ಜಿಗಿಯುತ್ತಿತ್ತು.

ಎರಡನೆಯ ಶಿಬಿರದ ಕೊನೆಯಲ್ಲಿ ಒಂದು ದಿನ ಅವರ ದನಿ ನಡುಗುತ್ತಿತ್ತು. ಹಿಂದಿನ ದಿನ ಮಕ್ಕಳನ್ನು ಸರೋವರ ತೋರಿಸಲು ಕರೆದೊಯ್ದಿದ್ದರಂತೆ. ಎಲ್ಲರಿಗೂ ಹಳದಿ ಟೋಪಿ. ಹೊರಡುವ ಹೊತ್ತಿಗೆ ಮೋಡ ಕವಿದಿತ್ತು. ಅಲ್ಲಿಯ ಶಿಬಿರದ ಮುಖಂಡ ಬಸ್ಸಿನೊಳಗೆ ಮಕ್ಕಳನ್ನು ಎರಡು ಸಲ ಎಣಿಸಿದ. ಎಂಬತ್ತನಾಲ್ಕು, ಸರಿಯಾಗಿದೆ, ಹೊರಡೋಣ ಎಂದ.

"ನನ್ನ ಕಣ್ಣಿಗೆ ಚುಚ್ಚಾಕತ್ತು ನೋಡಪಾ" ಎಂದರು ಅಕ್ಕೋರು. "ಎರಡು ಬೆರಳು ಚೀಪೋ ಸಣ್ಣ ಹುಡುಗಿ ಒಬ್ಬಾಕಿ ಇದ್ಲು. ಆಕಿ ಮಾರಿ ಇಲ್ಲ. ಲೆಕ್ಕ ಸರಿ ಅದ ಅಂತಾರ ಎಲ್ಲಾರೂ. ನಾ ಇಳಿದು ಬಸ್ಸಿನ ಮುಂದ ನಿಂತಬಿಟ್ಟೆ. ಬೇಕಾದ್ರ ನನ್ನ ಮ್ಯಾಲ ಹಾಯಿಸ್ರಿ ಅಂದೆ."

"ಖರೇ ಹಂಗಂದ್ರಿ?" ಎಂದ ಅಪ್ಪ.

"ಹಂಗೇ ಅಂದೆ! ಆಮ್ಯಾಲ ಮತ್ತ ಒಳಗ ಹೋಗಿ ಒಂದೊಂದೇ ಮಾರಿ ನೋಡ್ಕೋತ ಬಂದೆ. ಹಿಂದಿನ ಸೀಟಿನ್ಯಾಗ ಒಬ್ಬಾಕಿ, ಹಳದಿ ಟೋಪಿ ಹಾಕ್ಕೊಂಡು, ಬಿಸ್ಕೀಟು ತಿನ್ನಾಕತ್ಯಾಳ. ನಮ್ಮಾಕಿ ಅಲ್ಲ! ಮೀನು ಹಿಡಿಯೋರ ಮಗಳು. ಟೋಪಿ ಯಾರದು ಅಂತ ಕೇಳಿಸಿದೆ. ನಂಗ ಟೋಪಿ, ಆಕಿಗೆ ದೋಣಿ ಅಂತ ಬದಲಿ ಮಾಡ್ಕೊಂಡೀವಿ ಅಂದ್ಲು."

ಅಕ್ಕೋರು, ಆ ಮುಖಂಡ ಇಬ್ಬರೂ ದಂಡೆಗೆ ಓಡಿದರಂತೆ. ಬೆರಳು ಚೀಪುವ ಹುಡುಗಿ ಒಂದು ದೋಣಿಯ ತಳದಲ್ಲಿ ಮಲಗಿ ನಿದ್ದೆ ಹೋಗಿದ್ದಳು. ಹಗ್ಗ ಬಿಚ್ಚಿಕೊಂಡು ದೋಣಿ ದಂಡೆಯಿಂದ ದೂರ ಸರಿಯುತ್ತಿತ್ತು. ಗಾಳಿ ಎದ್ದಿತ್ತು. ಮೀನುಗಾರರು ನೀರಿಗೆ ಹಾರಿ ಎಳೆದು ತಂದರು. ಅವಳು ಎದ್ದು ಮೊದಲು ಕೇಳಿದ್ದು, ನನ್ನ ಟೋಪಿ ಎಲ್ಲಿ ಎಂದು.

ನಾನು ಅಳುತ್ತಿದ್ದೆ. ಅಪ್ಪ ಫೋನಿನ ಹತ್ತಿರ ಬಾಗಿದ.

"ಅಕ್ಕೋರ, ಉಳಿದವ್ರನ್ನ ಯಾರ ಕೈಯಾಗ ಕೊಟ್ಟು ಹೋಗಿದ್ರಿ?"

"ಬಸ್ಸಿನ್ಯಾಗ ಕೂಡ್ರಿಸಿ, ಡ್ರೈವರಗ ಹೇಳಿ ಬಾಗಿಲಾ ಹಾಕ್ಸಿ ಹೋಗಿದ್ದೆ ಮಾರಾಯ!"

ಅಪ್ಪ ತೊಡೆ ತಟ್ಟಿ ಎದ್ದು ನಿಂತು, ಅಲ್ಲಿದ್ದ ಕುರಿಗಳಿಗೆಲ್ಲ ಕೇಳುವಂತೆ, "ಶಾಬಾಸ್!" ಎಂದ.

ಅವರು ಮರಳಿದಾಗ ಪೆಟ್ಟಿಗೆ ತುಂಬ ಮಕ್ಕಳು ಬರೆದ ಚಿತ್ರಗಳಿದ್ದವು. ಬೆರಳು ಚೀಪುವ ಆ ಹುಡುಗಿ ಪ್ರತಿ ಭಾನುವಾರ ಅಲ್ಲಿಯ ಮುಖಂಡನ ಫೋನಿನಿಂದ ಅವರೊಡನೆ ಮಾತಾಡುತ್ತಿದ್ದಳು. ಮುಂದಿನ ಬೇಸಿಗೆಗೆ ಬರುತ್ತೇನೆ, ಇನ್ನೊಬ್ಬಳನ್ನೂ ಕರೆತರುತ್ತೇನೆ ಎಂದು ಅಕ್ಕೋರು ಅವಳಿಗೆ ಹೇಳಿಬಿಟ್ಟಿದ್ದರು. ನನ್ನನ್ನು ಕೇಳಿರಲಿಲ್ಲ.

ಸಂಕ್ರಾಂತಿ ಕಳೆದ ವಾರ, ನಿಲಯದ ಹುಡುಗಿಯರಿಗೆ ಕಬ್ಬು ಹಂಚುತ್ತ ಅಕ್ಕೋರು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಮಣ್ಣು ಕೊಡುವಾಗ ಅಪ್ಪನೂ ಬಂದಿದ್ದ. ಹೂ ತಂದಿರಲಿಲ್ಲ, ಕಂಬಳಿ ತಂದಿದ್ದ. ಪಾದ್ರಿಗಳನ್ನು ಕೇಳಿ ಶವಪೆಟ್ಟಿಗೆಯ ಮೇಲೆ ಹೊದಿಸಿದ.

ಅದರ ಮರು ಭಾನುವಾರ ಫೋನು ಬಂತು. ಅಕ್ಕೋರ ಫೋನು ಈಗ ನನ್ನ ಕೈಯಲ್ಲಿತ್ತು. ಬರುವಷ್ಟು ಇಂಗ್ಲಿಷಿನಲ್ಲಿ ಅಕ್ಕೋರು ಇಲ್ಲ ಎಂದು ಹೇಳಿದೆ. ಅತ್ತ ಕಡೆಯಿಂದ ಆ ಹುಡುಗಿ ಕೇಳಿದಳು, ಹಾಗಾದರೆ ಬರುತ್ತೇನೆಂದಿದ್ದ ಇನ್ನೊಬ್ಬಳು ನೀನೇನಾ?

ನೆಪವೊಂದೂ ನೆನಪಾಗಲಿಲ್ಲ. ಹೌದು ಎಂದೆ.

ಇನ್ನು ಎಂಟು ದಿನಕ್ಕೆ ಹೊರಡುತ್ತೇನೆ. ವೀಸಾ ಬಂದಿದೆ, ಅಪ್ಪ ಅದನ್ನು ಊರೆಲ್ಲ ತೋರಿಸಿ ಬಂದಿದ್ದಾನೆ. ಎರಡು ಹಾಡು ಬಾಯಿಪಾಠ ಮಾಡಿದ್ದೇನೆ, ಹಟ್ಟಿಯ ಮುಂದೆ ನಿಂತು ಜೋರಾಗಿ ಹಾಡಿ ನೋಡುತ್ತೇನೆ. ಭಯವೋ ಸಂಭ್ರಮವೋ, ಎದೆ ದಿನವಿಡೀ ಡಬಡಬ ಎನ್ನುತ್ತದೆ. ಅಲ್ಲಿ ಏನೇನು ಕಂಡೆ, ಯಾರು ಏನೆಂದರು, ಎಲ್ಲವನ್ನೂ ಮೊದಲು ಅಕ್ಕೋರಿಗೆ ಹೇಳಬೇಕು ಎಂದುಕೊಳ್ಳುತ್ತೇನೆ. ಹಾಗೆ ಎಷ್ಟೋ ಹೊತ್ತು ಅಂದುಕೊಂಡ ಮೇಲೆ ನೆನಪಾಗುತ್ತದೆ.